ಅಟ್ಟದ ಮೇಲಿದ್ದ ಚಿಕ್ಕ ಪೊಟ್ಟಣ

ಭೀಮಾ ನದಿ ದಂಡೆಯ ನಮ್ಮ ಮಣ್ಣೂರಿನಲ್ಲಿ ಹತ್ತಿ ಇಳುವರಿ ಬಿದ್ದಾಗಲೆಲ್ಲ ಅಪ್ಪನದು ಒಂದೇ ಮಾತು: ‘ಈ ಬಿಟಿ ಬೀಜ ಬಂದ ಮ್ಯಾಲ ಎರಿ ಹೊಲ ಸತ್ತದ ನೋಡವ್ವಾ.’ ಎಂ.ಎಸ್ಸಿ ಸೂಕ್ಷ್ಮಜೀವಶಾಸ್ತ್ರದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದ ನಾನು ಅದನ್ನೇ ಹಿಡಿದುಕೊಂಡೆ. ನಿಜ ಹೇಳಬೇಕೆಂದರೆ, ತೀರ್ಮಾನವನ್ನು ಮೊದಲೇ ಬರೆದಿಟ್ಟುಕೊಂಡಿದ್ದೆ.

ಅಪ್ಪನ ಅನುಮಾನ ಹುರುಳಿಲ್ಲದ್ದೇನಲ್ಲ. ಬಿಟಿ ಎಂದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್. ಅದೂ ಮಣ್ಣಿನಲ್ಲೇ ಇರುವ ಒಂದು ಬ್ಯಾಕ್ಟೀರಿಯಾ! ಅದರ ಜೀನ್ ಸೇರಿಸಿದ ಹತ್ತಿಗಿಡ ಕಾಯಿಕೊರಕವನ್ನು ಕೊಲ್ಲುವ ಪ್ರೋಟೀನನ್ನು ತಾನೇ ತಯಾರಿಸುತ್ತದೆ. ನಮ್ಮ ದೇಶದಲ್ಲಿ ಇದಕ್ಕೆ ಅನುಮತಿ ಸಿಕ್ಕಿದ್ದು 2002ರಲ್ಲಿ. ಗಿಡ ಕೊಳೆತಾಗ ಆ ಪ್ರೋಟೀನ್ ಮಣ್ಣು ಸೇರುತ್ತದೆ. ಎರೆಮಣ್ಣಿನ ಜೇಡಿಕಣಗಳಿಗೆ ಅದು ಅಂಟಿಕೊಳ್ಳಲೂಬಹುದು. ಹಾಗಾದರೆ ಬೇರಿನ ಸುತ್ತಲಿನ ಉಳಿದ ಬ್ಯಾಕ್ಟೀರಿಯಾಗಳ ಗತಿ?

ಹೋಲಿಸಲು ಬಿಟಿ ಅಲ್ಲದ ಹತ್ತಿ ಬೇಕಿತ್ತು. ನನಗೆ ಗೊತ್ತಿದ್ದ ಯಾರ ಹೊಲದಲ್ಲೂ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ನಮ್ಮ ಅಟ್ಟದ ಮೇಲೆ. ಆಗ 450 ಗ್ರಾಂ ಬಿಟಿ ಬೀಜದ ಜೊತೆ ಬಿಟಿ ಅಲ್ಲದ 120 ಗ್ರಾಂ ಬೀಜದ ಪೊಟ್ಟಣವೂ ಬರುತ್ತಿತ್ತು. ಹುಳುಗಳಿಗೆ ನಿರೋಧಕ ಶಕ್ತಿ ಬಾರದಿರಲೆಂದು ಹೊಲದ ಸುತ್ತ ಅದನ್ನು ಬಿತ್ತಬೇಕು. ಅಪ್ಪ ಎಂದೂ ಬಿತ್ತಿರಲಿಲ್ಲ. ನಾನು ಹೊಲದ ನಡುವೆ ಎರಡು ಸಾಲು ಹಾಕಿಸಿದೆ.

ಹೂ ಬಿಡುವಾಗ ಗಿಡ ಕಿತ್ತು, ಕೊಡವಿ, ಬೇರಿಗೆ ಅಂಟಿದ್ದ ಮಣ್ಣನ್ನಷ್ಟೇ ತೆಗೆದುಕೊಂಡೆ. ಒಂದು ಗ್ರಾಂ ಮಣ್ಣನ್ನು ಹತ್ತು ಪಟ್ಟು, ಮತ್ತೆ ಹತ್ತು ಪಟ್ಟು ತೆಳುವಾಗಿಸುತ್ತ ಹೋಗಿ ಅಗರ್ ಪ್ಲೇಟಿನ ಮೇಲೆ ಹರಡಿ, ಎರಡು ದಿನ ಬಿಟ್ಟು ಕಾಲೊನಿ ಎಣಿಸುವುದು. ಬಿಟಿಗೂ ಉಳಿದದ್ದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಒಂದೇ ಸಾಲಿನ ಎರಡು ಗಿಡಗಳ ನಡುವಿನ ಅಂತರವೇ ಅದಕ್ಕಿಂತ ಹೆಚ್ಚಿತ್ತು. ಮತ್ತೆ ಎಣಿಸಿದೆ. ಅದೇ. (ಮುಂದೆ ಕೆಲಸದ ಸಂದರ್ಶನವೊಂದರಲ್ಲಿ ‘ವ್ಯತ್ಯಾಸ ಕಾಣಲಿಲ್ಲ’ ಎಂದಾಗ, ‘ಹಾಗಾದರೆ ಏನು ಮಾಡಿದಿರಿ?’ ಎಂದು ಕೇಳಿದ್ದರು!)

ಕಾಲೊನಿಗಳು ಕಿಕ್ಕಿರಿದಿದ್ದುದು ಬೇರೆ ಕಡೆ. ಹಳೇ ತಿಪ್ಪೆಯಿದ್ದ ಮೂಲೆಯ ಗಿಡಗಳಲ್ಲಿ. ಅವೂ ಬಿಟಿಯವೇ.

ನನ್ನ ಗೈಡ್ ಎಚ್ಚರಿಸಿದರು: ಪ್ಲೇಟಿನ ಮೇಲೆ ಬೆಳೆಯುವುದು ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ತೀರಾ ಕೆಲವು ಮಾತ್ರ. ಒಂದು ಹೊಲ, ಒಂದು ಹಂಗಾಮಿನ ಲೆಕ್ಕದಿಂದ ಬಿಟಿ ನಿರಪರಾಧಿ ಎಂದು ಬರೆಯಬೇಡ. ಬರೆಯಲಿಲ್ಲ. ಆದರೆ ಮೊದಲೇ ಬರೆದಿಟ್ಟಿದ್ದ ತೀರ್ಮಾನವನ್ನು ಹರಿದು ಹಾಕಿದೆ.

ಅಪ್ಪನಿಗೆ ಹೇಳುವುದೇ ಕಷ್ಟವಾಯಿತು. ಎತ್ತು ಮಾರಿದ ಮೇಲೆ ನಮ್ಮ ಹೊಲ ಗೊಬ್ಬರ ಕಂಡಿರಲಿಲ್ಲ. ಆ ಎತ್ತು ಮಾರಿದ್ದು ನನ್ನ ಡಿಗ್ರಿ ಫೀಸಿಗೆ. ತಿಪ್ಪೆ ಮೂಲೆಯ ಪ್ಲೇಟಿನ ಫೋಟೊವನ್ನು ಅವರು ಬಹಳ ಹೊತ್ತು ನೋಡಿದರು. ‘ಒಂದು ಟ್ರ್ಯಾಕ್ಟರ್ ಗೊಬ್ಬರಕ್ಕ ಈಗ ಎಷ್ಟ ಅದ, ಕೇಳಿ ಬಾ’ ಎಂದರು.