ಹೊಲದಲ್ಲಿ ಬಡಾವಣೆ ಮಾಡಲು ಇಷ್ಟೊಂದು ಕಟ್ಟುಪಾಡು ಯಾಕೆ?

ಊರಿನ ವಸತಿ ನೆಲವಾದ ಗ್ರಾಮಠಾಣದ ಗಡಿ ದಾಟಿದರೆ ನೆಲ ಕಾನೂನಿನ ಲೆಕ್ಕದಲ್ಲಿ ಸಾಮಾನ್ಯವಾಗಿ ಕೃಷಿ ಜಮೀನು. ಅಲ್ಲಿ ರೈತ ತನಗೊಂದು ತೋಟದ ಮನೆ ಕಟ್ಟಿಕೊಳ್ಳಬಹುದು; ಬಡಾವಣೆಗಾದರೆ ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 95ನೇ ಕಲಮಿನಂತೆ ಸಾಮಾನ್ಯವಾಗಿ ಕೃಷಿಯೇತರ ಬಳಕೆಗೆ ಭೂ ಪರಿವರ್ತನೆ ಆಗಬೇಕು. ಮಾಸ್ಟರ್ ಪ್ಲಾನ್‌ನಲ್ಲಿ ಆ ಜಾಗ ಹಸಿರು ವಲಯವಾಗಿದ್ದರೆ ಮೊದಲು ವಲಯವೇ ಬದಲಾಗಬೇಕು. ತಕರಾರು ಹುಟ್ಟುವುದು ಇಲ್ಲಿಯೇ.

ಒಂದು ಎಕರೆ ಎಂದರೆ 43,560 ಚದರ ಅಡಿ. ರಸ್ತೆ, ಚರಂಡಿ, ಉದ್ಯಾನಕ್ಕೆ ಬಿಟ್ಟರೂ 30×40 ಅಳತೆಯ ಸುಮಾರು 20 ಸೈಟು ಸಿಗುತ್ತವೆ. ರಾಗಿ ಬೆಳೆದು ಕಾಣದ ದುಡ್ಡು ಅದರಲ್ಲಿದೆ. ಸಾಲ ತೀರಿಸಲು ಹೊಲ ಮಾರುವ ರೈತನನ್ನು ದೂರುವುದು ಅನ್ಯಾಯ. ಆದರೆ ಒಂದು ಕುಟುಂಬದ ಕೊಳವೆಬಾವಿಯಿದ್ದ ಕಡೆ 20 ಮನೆಗಳು ನೀರೆತ್ತುತ್ತವೆ. ಒಳಚರಂಡಿಯಿಲ್ಲದ ಊರಿನಲ್ಲಿ ಮನೆಗೊಂದು ಶೌಚಗುಂಡಿ ಏಳುತ್ತದೆ. ಬಚ್ಚಲ ನೀರು ಕಾಲುವೆ ಹಿಡಿದು ಕೆರೆಗೆ ಇಳಿಯುತ್ತದೆ, ದನಗಳು ಅದನ್ನೇ ಕುಡಿಯುತ್ತವೆ.

ಊರಿಗೆ ಅಂಟಿಕೊಂಡಂತೆ ಒತ್ತೊತ್ತಾಗಿ ಮನೆ ಕಟ್ಟುವುದೇ ಮೇಲು. ಇರುವ ರಸ್ತೆ, ನೀರಿನ ಕೊಳವೆಗಳನ್ನೇ ಮುಂದುವರಿಸಬಹುದು, ಆಚೆಯ ಹೊಲ ಹೊಲವಾಗಿಯೇ ಉಳಿಯುತ್ತದೆ. ಸೈಟು ಕೊಳ್ಳುವವರು ಪರಿವರ್ತನೆ ಆದೇಶ ಮತ್ತು ಬಡಾವಣೆ ನಕ್ಷೆಯ ಅನುಮೋದನೆ, ಎರಡನ್ನೂ ಕಣ್ಣಾರೆ ನೋಡಿದ ಮೇಲೆಯೇ ಮುಂಗಡ ಕೊಡಬೇಕು.