ಗಾಳಿಬೀಡಿನಿಂದ ಕಡಮಕಲ್ಲಿಗೆ ಹೊಳೆಯ ಜಾಡು

ಮಡಿಕೇರಿಯಿಂದ ಗಾಳಿಬೀಡಿಗೆ ಹೋದವರೆಲ್ಲ ನವೋದಯ ಶಾಲೆಯನ್ನೂ ಮಾಂದಲಪಟ್ಟಿಯ ಜೀಪುಗಳ ಸಾಲನ್ನೂ ನೋಡಿಯೇ ಇರುತ್ತಾರೆ. ಅಲ್ಲಿಂದ ಪಡುವಣಕ್ಕೆ ಕಾಡಿನೊಳಗಿಳಿದು ಕಡಮಕಲ್ಲಿನ ಮೂಲಕ ಸುಬ್ರಹ್ಮಣ್ಯದತ್ತ ಸಾಗುವ ಹಳೆಯ ಕಾಲುದಾರಿಯನ್ನು ಕಂಡವರು ಮಾತ್ರ ಕಡಿಮೆ. ಸುಮಾರು ಸಾವಿರ ಮೀಟರು ಇಳಿತ. ದಾರಿ ತುಸು ದೂರ ಹೊಳೆಯ ಮಗ್ಗುಲಲ್ಲಿ ಸಾಗಿ, ಮತ್ತೆ ಹೊಳೆಯೊಳಗೇ ಇಳಿಯುತ್ತದೆ. ಬುತ್ತಿ, ಹೊದಿಕೆ ಬೆನ್ನಿಗೆ ಕಟ್ಟಿಕೊಂಡು ನಾವು ಹಿಂದೊಮ್ಮೆ ಇಳಿದಾಗ ಬಲಗಿ, ಧೂಪ, ರಾಮಪತ್ರೆ ಮರಗಳ ನೆರಳಿನಲ್ಲಿ ಮಧ್ಯಾಹ್ನವೂ ಮುಸ್ಸಂಜೆಯಂತಿತ್ತು. ಪಾಚಿಗಟ್ಟಿದ ಬಂಡೆಯ ಮೇಲೆ ಬರಿಗಾಲಿಗೆ ಇರುವ ಹಿಡಿತ ಬೂಟಿಗೆ ಇಲ್ಲ. ಬೆತ್ತದ ಮುಳ್ಳು ಅಂಗಿಯನ್ನು ಹಿಡಿದರೆ ಎಳೆಯಬಾರದು. ಎರಡು ಹೆಜ್ಜೆ ಹಿಂದೆ ಸರಿದು ಬಿಡಿಸಿಕೊಳ್ಳಬೇಕು. ಆನೆಯ ಲದ್ದಿ ಬಿಸಿಯಿದ್ದರೆ ಮಾತು ನಿಲ್ಲಿಸಿ ಕಾಯುವುದೇ ಸರಿ.

ಬೆಳೆಗಾರರಾದ ನಮಗೆ ಈ ಜಾಡಿನಲ್ಲಿ ಮುಖ್ಯವಾದದ್ದು ನೀರು. ಗಾಳಿಬೀಡಿನ ಏಣು ಮೂರು ಕಡೆಗೆ ನೀರು ಹಂಚುತ್ತದೆ. ಮೂಡಲಿಗೆ ಬಿದ್ದದ್ದು ಹಾರಂಗಿ ಸೇರಿ ಕಾವೇರಿಯಾಗುತ್ತದೆ. ಮೊಣ್ಣಂಗೇರಿಯ ಕಡೆಗೆ ಜಾರಿದ್ದು ಸಂಪಾಜೆಯಲ್ಲಿ ಪಯಸ್ವಿನಿಯಾಗಿ, ಸುಳ್ಯ ದಾಟಿ ಕಾಸರಗೋಡಿನ ಕಡಲಿಗೆ ಹೋಗುತ್ತದೆ. ಕಡಮಕಲ್ಲಿನತ್ತ ಇಳಿದದ್ದು ಕುಮಾರಧಾರೆಯನ್ನು ಕೂಡಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತದೆ. ನಮ್ಮ ಕಾಫಿಯ ನೆತ್ತಿಯ ಮೇಲೆ ಸುರಿದ ಮಳೆಯೇ ಬೇಸಿಗೆಯಲ್ಲಿ ಕೆಳಗಿನ ಅಡಿಕೆಯ ಬುಡಕ್ಕೆ ತಂಪು. ಮಾರ್ಚಿಯಲ್ಲಿ ತೋಟದ ತೋಡು ಬತ್ತಿದಾಗಲೂ ಈ ಕಾಡಿನ ತೊರೆಗಳಲ್ಲಿ ನೀರು ಜಿನುಗುತ್ತಿರುವುದನ್ನು ಕಣ್ಣಾರೆ ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಈ ಕಾಲುದಾರಿಯನ್ನೇ ಮೋಟಾರು ರಸ್ತೆ ಮಾಡಬೇಕೆಂಬ ಬೇಡಿಕೆ ಬಹಳ ಹಳೆಯದು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು, ಮೊಣ್ಣಂಗೇರಿಗಳಲ್ಲಿ ಗುಡ್ಡ ಜರಿದು ಸಂಪಾಜೆ ಘಾಟಿ ಮುಚ್ಚಿದಾಗ ಅದು ಮತ್ತೆ ಜೋರಾಯಿತು. ಮಂಗಳೂರಿನ ಆಸ್ಪತ್ರೆಗೆ ರೋಗಿಯನ್ನು ಒಯ್ಯಲು ಕರಿಕೆ ಸುತ್ತಿ ಹೋಗಬೇಕಾಗಿ ಬಂದವರ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೂ ನಮ್ಮ ಮತ ಬೇರೆ. ಆ ವರ್ಷ ಜರಿದದ್ದು ಮಳೆಯೊಂದರಿಂದಲೇ ಅಲ್ಲ. ಇಳಿಜಾರಿನ ಬುಡ ಕಡಿದು ನೆಲ ಸಮ ಮಾಡಿದ ಕಡೆಗಳಲ್ಲಿ ಮಣ್ಣಿಗೆ ಆಸರೆ ತಪ್ಪಿತ್ತು. ಇಲ್ಲಿ ರಸ್ತೆ ಕಡಿದರೆ ಮಣ್ಣನ್ನು ಹೊಳೆಗೇ ಸುರಿಯಬೇಕು, ಬೇರೆ ಜಾಗವಿಲ್ಲ. 2022ರ ಆಗಸ್ಟಿನಲ್ಲಿ ಹರಿಹರ ಪಲ್ಲತಡ್ಕದ ಅಂಗಡಿ ಮನೆಗಳಿಗೆ ನುಗ್ಗಿದ ನೆರೆಯನ್ನು ತಗ್ಗಿನ ನಮ್ಮ ಅಡಿಕೆ ಮಿತ್ರರು ಮರೆತಿರಲಾರರು. ಮೇಲಾಗಿ ಇದು ಪುಷ್ಪಗಿರಿ ವನ್ಯಧಾಮದ ಕಾಡು. 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಇದೂ ಒಂದು. ಇರುವ ಸಂಪಾಜೆ ಘಾಟಿಗೇ ಗಟ್ಟಿ ತಡೆಗೋಡೆ, ಸರಿಯಾದ ಚರಂಡಿ ಕೊಡಿ ಎಂದು ಕೇಳುವುದು ಲೇಸೆಂದು ನಮಗೆ ತೋರುತ್ತದೆ. ಒಪ್ಪದವರು ಬರೆಯಲಿ, ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.

ಇನ್ನು ಹೋಂಸ್ಟೇ ನಡೆಸುವ ಸದಸ್ಯರಿಗೆ ಒಂದು ಮಾತು. ಅತಿಥಿಗಳು ಕೇಳಿದರೆಂದು ಯಾರನ್ನೂ ಕಾಡಿಗೆ ಇಳಿಸಬೇಡಿ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನ ಮುಗಿಬಿದ್ದ ಮೇಲೆ ಸರಕಾರ ಚಾರಣದ ನಿಯಮಗಳನ್ನು ಬಿಗಿ ಮಾಡಿದೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ವನ್ಯಧಾಮದೊಳಗೆ ಹೆಜ್ಜೆಯಿಡುವುದು ಅಪರಾಧ, ಕರೆದೊಯ್ದವನೂ ಹೊಣೆಗಾರನೇ.

ಅನುಮತಿ ದೊರೆತರೂ ಮಳೆಗಾಲ ಬೇಡ. ತಲೆಯ ಮೇಲೆ ಬಿಸಿಲಿದ್ದರೂ ಏಣಿನಲ್ಲಿ ಮಳೆ ಹೊಡೆದರೆ ಮೊಣಕಾಲಿನ ಹೊಳೆ ಗಳಿಗೆಯಲ್ಲಿ ಎದೆಮಟ್ಟ ಬರುತ್ತದೆ. ನೀರಿನ ಬಣ್ಣ ಕೆಂಪಾಗಿ ತರಗೆಲೆ ತೇಲಿಬಂತೆಂದರೆ ಆ ಕ್ಷಣವೇ ದಡ ಹತ್ತಬೇಕು. ನಡೆಯಲು ಒಳ್ಳೆಯ ತಿಂಗಳುಗಳಲ್ಲಿ ನಮಗೆ ಕಾಫಿ ಕೊಯ್ಲು, ಅದು ಬೇರೆ ಮಾತು. ಜಿಗಣೆಗೆ ಹೊಗೆಸೊಪ್ಪು ನೆನೆಸಿದ ನೀರನ್ನು ಕಾಲಿಗೆ ಹಚ್ಚಿಕೊಂಡರೆ ಸಾಕು. ಪ್ರತಿ ಸಲ ಹೊಳೆ ದಾಟಿದ ಮೇಲೆ ಮತ್ತೆ ಹಚ್ಚಬೇಕಾಗುತ್ತದೆ.