ಬದಿಗೆ ಕುಂತವರೂ ಆಡಲಿ

‘ನಮ್ಮ ಜೈನಾಪುರದಾಗ ಫುಟ್‌ಬಾಲ್ ಯಾರು ಆಡತಾರ್ರೀ ಸರ್?’ ಎಂದು ಪಾಲಕರು ಕೇಳುತ್ತಾರೆ. ವಿಜಯಪುರ ಸೀಮೆಗೆ ಹೆಸರು ತಂದವರು ಸೈಕಲ್ ಸವಾರರು. ಹಳ್ಳಿಯ ಬಯಲಲ್ಲಿ ಕಬಡ್ಡಿ, ಖೊ ಖೊ, ಕ್ರಿಕೆಟ್ಟಿನದೇ ಸದ್ದು. ಆದರೆ ಒಂದು ಚೆಂಡು ಕೊಟ್ಟು ಎಲ್ಲ ಮಕ್ಕಳನ್ನೂ ಆಡಿಸಬೇಕೆಂದರೆ ದೈಹಿಕ ಶಿಕ್ಷಕನಾದ ನಾನು ಆರಿಸುವುದು ಫುಟ್‌ಬಾಲನ್ನೇ.

ದೊಡ್ಡ ಮೈದಾನ, ಹನ್ನೊಂದು ಜನರ ತಂಡ ಚಿಕ್ಕವರಿಗೆ ಬೇಕಿಲ್ಲ. 22 ಮಕ್ಕಳನ್ನು ಒಂದೇ ಚೆಂಡಿನ ಹಿಂದೆ ಬಿಟ್ಟರೆ ಗಟ್ಟಿಗರಿಗಷ್ಟೇ ಅದು ಸಿಗುತ್ತದೆ. ನಾಲ್ಕು ನಾಲ್ಕು ಮಂದಿಯಂತೆ ಹಂಚಿ, ಕಲ್ಲಿಟ್ಟು ಗೋಲು ಮಾಡಿದರೆ ಪ್ರತಿ ಮಗುವಿನ ಕಾಲಿಗೂ ಚೆಂಡು ಬರುತ್ತದೆ. ಬೆಂಗಳೂರಿನ ಹಲಸೂರು ಬಳಿಯ ಗೌತಮಪುರದ ಮಕ್ಕಳು ಇಕ್ಕಟ್ಟಾದ ಓಣಿಗಳಲ್ಲೇ ಆಟ ಕಲಿತವರು. ಆ ಬಡಾವಣೆ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿಕೊಂಡಿದೆ.

ಚೆಂಡಿನ ಅಳತೆಯೂ ಮುಖ್ಯ. ದೊಡ್ಡವರ 5ನೇ ಅಳತೆಯದು 410ರಿಂದ 450 ಗ್ರಾಂ ತೂಗುತ್ತದೆ. ಎಂಟು ವರ್ಷದೊಳಗಿನವರಿಗೆ 3ನೇ ಅಳತೆ, ಹನ್ನೆರಡರವರೆಗೆ 4ನೇ ಅಳತೆ ಸರಿ. ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಬಿರಿಯುತ್ತದೆ. ಬಿರುಕಿನಲ್ಲಿ ಕಾಲು ಸಿಕ್ಕಿ ಉಳುಕದಂತೆ ಮೊದಲು ಮಣ್ಣು ತುಂಬಿಸಿ, ಬಿಸಿಲೇರುವ ಮುನ್ನ ಆಡಿಸುತ್ತೇನೆ.

ಕಾಲಲ್ಲಿ ಬಲವಿಲ್ಲದ ಹುಡುಗನೊಬ್ಬ ದಿನಾ ಕಟ್ಟೆ ಮೇಲೆ ಕುಂತು ನೋಡುತ್ತಿದ್ದ. ‘ನಾನೂ ಆಡ್ಲೇನ್ರಿ ಸರ್?’ ಎಂದ. ಅಂದು ನಿಯಮ ಬದಲಿಸಿದೆ: ಯಾರೂ ಓಡುವಂತಿಲ್ಲ, ನಡೆದೇ ಆಡಬೇಕು. ಓಟ ನಿಂತದ್ದೇ ಅವನ ಜಾಣ ಪಾಸುಗಳು ಎಲ್ಲರಿಗೂ ಕಂಡವು. ಹೀಗೆ ನಡೆದಾಡುವ ಫುಟ್‌ಬಾಲನ್ನು ಹೊರದೇಶಗಳಲ್ಲಿ ವಯಸ್ಸಾದವರೂ ಆಡುತ್ತಾರೆ.

ಕಣ್ಣು ಕಾಣದವರ ಫುಟ್‌ಬಾಲ್ 2004ರ ಅಥೆನ್ಸ್ ಪ್ಯಾರಾಲಿಂಪಿಕ್ಸ್‌ನಲ್ಲೇ ಸೇರಿತು. ಒಳಗೆ ಸದ್ದು ಮಾಡುವ ಚೆಂಡು, ತಂಡಕ್ಕೆ ಐವರು. ಗೋಲ್‌ಕೀಪರ್‌ಗೆ ಮಾತ್ರ ಕಣ್ಣು ಕಾಣಬಹುದು. ಅಲ್ಪಸ್ವಲ್ಪ ಕಾಣುವವರು, ಕಾಣದವರು ಸಮನಾಗಲೆಂದು ಉಳಿದವರೆಲ್ಲ ಕಣ್ಪಟ್ಟಿ ಕಟ್ಟಿಕೊಳ್ಳುತ್ತಾರೆ. ಚೆಂಡಿನತ್ತ ನುಗ್ಗುವವರು ಡಿಕ್ಕಿಯಾಗದಂತೆ ‘ವಾಯ್’ ಎಂದು ಕೂಗಬೇಕು. ಸ್ಪೆಷಲ್ ಒಲಿಂಪಿಕ್ಸ್‌ನ ಯುನಿಫೈಡ್ ತಂಡಗಳಲ್ಲಿ ಬೌದ್ಧಿಕ ನ್ಯೂನತೆ ಇರುವವರೂ ಇಲ್ಲದವರೂ ಒಟ್ಟಿಗೆ ಆಡುತ್ತಾರೆ. ಆಟಕ್ಕೆ ಮಗುವನ್ನು ಹೊಂದಿಸುವ ಬದಲು ಮಗುವಿಗೆ ಆಟವನ್ನು ಹೊಂದಿಸಬಹುದು ಎಂಬುದಕ್ಕೆ ಇವೆಲ್ಲ ಸಾಕ್ಷಿ.

2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ರಾಜ್ಯ ತಂಡಗಳ ಫುಟ್‌ಬಾಲ್ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಿತು. ಅದು ನಮ್ಮೆಲ್ಲರ ಹೆಮ್ಮೆ. ಆದರೆ ಅಂಥ ಕಪ್ ಎತ್ತುವವರು ಕೆಲವೇ ಮಂದಿ. ಆಡುವ ಹಕ್ಕು ಪ್ರತಿ ಮಗುವಿನದು. ಪಂಚಾಯ್ತಿಯವರು ಒಂದು ಬಯಲನ್ನು ಮಕ್ಕಳಿಗೆ ಬಿಟ್ಟುಕೊಡಲಿ, ಶಾಲೆಗಳು ವಯಸ್ಸಿಗೆ ತಕ್ಕ ಚೆಂಡು ಕೊಳ್ಳಲಿ. ಪಾಲಕರೇ, ಮಗನ ಜೊತೆ ಮಗಳನ್ನೂ ಕಳಿಸಿರಿ. ಅಂಗವೈಕಲ್ಯವಿದೆ ಎಂದು ಯಾವ ಮಗುವನ್ನೂ ಮನೆಯಲ್ಲಿ ಕೂರಿಸಬೇಡಿರಿ. ಅವರಿಗೆ ಒಪ್ಪುವ ನಿಯಮ ಹುಡುಕುವುದು ನಮ್ಮ ಕೆಲಸ.